ಮೊಲ ಅನ್ನಬಾರದ ದೋಣಿ

ಇದು ನಡೆದದ್ದು ಹಾಡಹಗಲಲ್ಲಿ, ನಾನು ಒಂದು ತೊಟ್ಟೂ ಕುಡಿಯದಿದ್ದಾಗ. ದುವಾರ್ನನೇ ಎಂಬ ಊರಿನ ಬಂದರಿನಲ್ಲಿ ನಿಂತಿದ್ದ ನಮ್ಮ ಹಳೆಯ ಹಾಯಿದೋಣಿಯ ಕಂಬದ ತುದಿಯಲ್ಲಿ ಒಂದು ರಾಟೆ ಸವೆದುಹೋಗಿತ್ತು. ಹೊಸದನ್ನು ಹಾಕಲು ನಾನು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತೆ. ಭಾವ ರಿವಾಲ್ ಪಕ್ಕದ ರಾಟೆಯ ಹಗ್ಗ ಜಗ್ಗಿ ನನ್ನನ್ನು ಮೇಲೇರಿಸಿದರು.

ರಾಟೆ ಕೂರಿಸಿದ ಖುಷಿಯಲ್ಲಿ ಕೂಗಿದೆ: “ಭಾವ, ಇವತ್ತು ಅಕ್ಕ ಮೊಲದ ಸಾರು ಮಾಡ್ತಾಳಂತೆ.”

ಅಪಶಕುನವೆಂದು ನಮ್ಮವರು ದೋಣಿಯ ಮೇಲೆ ಆ ಪ್ರಾಣಿಯ ಹೆಸರೆತ್ತುವುದಿಲ್ಲ, ‘ಉದ್ದಕಿವಿ’ ಅನ್ನುತ್ತಾರೆ. ಭಾವನನ್ನು ರೇಗಿಸಲೆಂದೇ ನಾನು ಹಾಗಂದದ್ದು. ಹಲಗೆ ಧಡಕ್ಕನೆ ಒಂದು ಗೇಣು ಕುಸಿಯಿತು.

“ಮೊಲ ಅಂದಿದ್ದಕ್ಕೆ ಇಷ್ಟು ಸಿಟ್ಟಾ ಭಾವ?”

ಮತ್ತೊಂದು ಗೇಣು ಕುಸಿಯಿತು. ಆ ಬಿಸಿಲಲ್ಲೂ ಹಗ್ಗ ಒದ್ದೆಯಾಗಿ ತಣ್ಣಗೆ ಕೊರೆಯುತ್ತಿತ್ತು.

“ಆಯ್ತು, ಉದ್ದಕಿವಿ, ಉದ್ದಕಿವಿ. ಇಳಿಸಿ ಮಾರಾಯ್ರೆ.”

ಮಗುವನ್ನು ತೊಟ್ಟಿಲಿಗಿಳಿಸುವಷ್ಟು ಮೆಲ್ಲಗೆ ಹಲಗೆ ಕೆಳಗೆ ಬಂತು. ಅಲ್ಲಿ ಯಾರೂ ಇರಲಿಲ್ಲ.

ಕಂಕುಳಲ್ಲಿ ಬ್ರೆಡ್ ಇಟ್ಟುಕೊಂಡು ಭಾವ ದಡದಿಂದ ಬಂದರು. “ಹಗ್ಗ ಕಂಬದ ಬುಡದ ಗೂಟಕ್ಕೆ ಕಟ್ಟಿಟ್ಟು ಅಂಗಡಿಗೆ ಹೋಗಿದ್ನಲ್ಲೋ. ಹೆಂಗಿಳಿದೆ? ಹೋಗ್ಲಿ, ಊಟಕ್ಕೇನಂತೆ?”

“ದಡಕ್ಕೆ ನಡೀರಿ, ಅಲ್ಲಿ ಹೇಳ್ತೀನಿ,” ಎಂದೆ.

ಹೋಗುವ ಮೊದಲು ಇಬ್ಬರೂ ಗೂಟ ನೋಡಿದೆವು. ಭಾವ ಕಟ್ಟಿದ್ದ ಗಂಟು ಬಿಚ್ಚಿರಲೇ ಇಲ್ಲ.