ಮೂಲೆಯಿಲ್ಲದ ಮನೆ

ದತ್ತವಾಡದ ಕಬ್ಬಿನ ಹೊಲಗಳ ನಡುವಿನ ನಮ್ಮ ಮನೆ ಕಣಜದ ಹಾಗೆ ದುಂಡಗಿದೆ. ಇಚಲಕರಂಜಿಯಿಂದಲೂ ಜನ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅತ್ತೆ ರತ್ನಮಾಲಾ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಗೋಡೆಗೆ ಕೈ ಹಚ್ಚಿಕೊಂಡು ಎಲ್ಲೂ ಎಡವದೆ ಓಡಾಡಲೆಂದು ಮಾವ ಬಾಪೂಸಾಹೇಬರು ಹಾಗೆ ಕಟ್ಟಿಸಿದ್ದರು.

ಅತ್ತೆ ತೀರಿಕೊಂಡ ಮೇಲೆ ನಾನು ಆ ಗೋಡೆಗೊಂದು ಕಪಾಟು ಇಡಿಸಿದೆ. ಮರುದಿನ ಮಧ್ಯಾಹ್ನ ಮನೆಯಲ್ಲಿ ನಾನು, ಮಾವ ಇಬ್ಬರೇ. ಗೋಡೆಗುಂಟ ಗಾಜಿನ ಬಳೆ ಉಜ್ಜಿಕೊಂಡು ಬರುವ ಸದ್ದು ಕೇಳಿಸಿತು. ಕಪಾಟಿನ ಹತ್ತಿರ ಬಂದು ನಿಂತುಬಿಟ್ಟಿತು.

ಮಾವ ಎದ್ದು ಹೋಗಿ ಅಲ್ಲಿ ಕೈ ಚಾಚಿದರು. “ಹೆದರಬ್ಯಾಡ, ನಾ ಅದೀನಿ,” ಎಂದರು. ಯಾರನ್ನೋ ಕೈಹಿಡಿದು ನಡೆಸುವವರಂತೆ ಕಪಾಟನ್ನು ಮೆಲ್ಲಗೆ ಬಳಸಿ ಬಂದರು. ಆಚೆ ಬದಿಯ ಗೋಡೆಯಲ್ಲಿ ಬಳೆಯ ಸದ್ದು ಮತ್ತೆ ಶುರುವಾಯಿತು. ಆಮೇಲೆ ನಾನು ಮಾವನಿಗೆ ನೀರು ಕೊಡುವಾಗ ಅವರ ಬೆರಳು ತಾಕಿತು. ಆ ಬಿಸಿಲಲ್ಲೂ ಬಾವಿಯ ನೀರಿನಷ್ಟು ತಣ್ಣಗಿತ್ತು.

“ಕಪಾಟ ಇವತ್ತ ತಗಸ್ತೇನ್ರಿ, ಮಾಮಾ,” ಅಂದೆ.

“ಬ್ಯಾಡವಾ ನೂತನ, ಇರ್ಲಿ. ಇಲ್ಲಿ ಬಂದಾಗರೆ ನನ್ನ ಕೈ ಹಿಡೀತಾಳ.”

ಹೋದ ವರ್ಷ ಮಾವನೂ ತೀರಿಕೊಂಡರು. ಬಳೆಯ ಸದ್ದು ಈಗಲೂ ಬರುತ್ತದೆ. ಕಪಾಟಿನ ಹತ್ತಿರ ನಿಲ್ಲುತ್ತದೆ. ತುಸು ಹೊತ್ತಿನ ಮೇಲೆ ಆಚೆ ಬದಿಯಿಂದ ಮುಂದೆ ಸಾಗುತ್ತದೆ.