ಬೆಟ್ಟ ಬರಿದು ಮಾಡಿದವನು

ಅವನಿಗೆ ಕಂಪನಿಯಲ್ಲಿ ಒಂದು ಷೇರೂ ಇರಲಿಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾವ ಈ ಚಿನ್ನ ಹುಡುಕುವ ಕಂಪನಿ ಶುರುಮಾಡಿದಾಗ ಮೆಟ್ಟಿಲ ಮೇಲೆ ಮೇಜು ಹೊತ್ತವನು ಅವನು. ಜನ ತಲೆಹಾಕದ ಬಯಲಿನಲ್ಲಿ ಡೇರೆ ಹಾಕಿಸಿದವನು, ಟ್ಯಾಂಕರ್ ನೀರು ಹೊಂದಿಸಿದವನು, ಜೀಪು ಕೆಟ್ಟಾಗ ಅದರಡಿ ಮಲಗಿದವನು ಅವನೇ. ಈಗ ಡೇರೆಗಳ ಜಾಗದಲ್ಲಿ ತಗಡಿನ ಮನೆಗಳೆದ್ದಿದ್ದವು. ಭಾವನಿಗೆ ತಿರುಗುವ ಕುರ್ಚಿ ಬಂದಿತ್ತು. ಅವನಿಗೆ ಬಂದದ್ದು ಹೊಸ ಪಿಕಪ್ಪಿನ ಸ್ಟೀರಿಂಗ್.

ಒಮ್ಮೆ ಬಾಯಿಬಿಟ್ಟು ಕೇಳಿದ್ದ.

"ನಿನಗ್ಯಾಕೋ ಷೇರು?" ಭಾವ ಬೆನ್ನು ತಟ್ಟಿ ನಕ್ಕಿದ್ದರು. "ಇಡೀ ಕಂಪನೀನೇ ನಿಂದು!"

ಇಡೀ ಕಂಪನಿ ತನ್ನದಾದ ಮೇಲೆ ಅದರಿಂದ ಒಂದು ಬೆಟ್ಟ ಎತ್ತಿಕೊಂಡರೆ ಅದು ಕಳ್ಳತನ ಹೇಗಾದೀತು? ಅಂದಿನಿಂದ ಅವನು ಇದನ್ನೇ ಯೋಚಿಸತೊಡಗಿದ.

ಬೆಟ್ಟವೂ ಸಿಕ್ಕಿತು. ಕಂಪನಿ ಕಂದಕ ತೋಡುತ್ತಿದ್ದ ಬೋಳುಬೆಟ್ಟದಲ್ಲಿ ಒಂದು ಕಲ್ಲನ್ನು ಜೇಬಿಗಿಳಿಸಿ, ಯಾರಿಗೂ ಹೇಳದೆ ಬೇರೊಂದು ಊರಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದ. ಲ್ಯಾಬಿನವನು ಕುರ್ಚಿ ಕೊಟ್ಟು, ಚಹಾ ತರಿಸಿ, "ಈ ಕಲ್ಲು ಎಲ್ಲೀದು ಸಾರ್?" ಎಂದ. ಅವನನ್ನು ಯಾರಾದರೂ ಸಾರ್ ಅಂದದ್ದು ಅದೇ ಮೊದಲು.

ಚಿನ್ನ ಕದಿಯುವವರು ದಡ್ಡರು. ಹೊರಬೇಕು, ಬಚ್ಚಿಡಬೇಕು, ಮಾರಬೇಕು. ಅವನು ಕದಿಯಬೇಕಾದದ್ದು ಬೆಟ್ಟದ ಮೇಲೆ ಭಾವ ಇಟ್ಟುಕೊಂಡಿದ್ದ ಆಸೆಯನ್ನು ಮಾತ್ರ. ಕಲ್ಲಿನಲ್ಲಿ ಏನೂ ಇಲ್ಲವೆಂದು ವರದಿ ಬಂದರೆ ಭಾವ ಹಿಂದೆಮುಂದೆ ನೋಡದೆ ಪರವಾನಗಿಯನ್ನು ಸರ್ಕಾರಕ್ಕೆ ಹಿಂತಿರುಗಿಸುತ್ತಿದ್ದರು. ಆಮೇಲೆ ಅದೇ ಬೆಟ್ಟಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಅವನ ಮಾವ ಹಾಕುತ್ತಾರೆ. ಮಾವನಿಗೆ ಕಿವಿ ಮಂದ, ಸಹಿ ಮಾತ್ರ ಚೊಕ್ಕ.

ಕಂದಕದ ಕಲ್ಲನ್ನು ಬಟ್ಟೆಚೀಲಗಳಿಗೆ ತುಂಬಿ, ನಂಬರ್ ಹಚ್ಚಿ, ಬಾಯಿಗೆ ತಂತಿ ಬಿಗಿಯುತ್ತಿದ್ದವಳು ಕಂಪನಿಯ ಭೂವಿಜ್ಞಾನಿ. ಕೆಲಸದವರ ಬಾಯಲ್ಲಿ ಅವಳು ಕಲ್ಲು ಮೇಡಂ. ಚೀಲಗಳನ್ನು ಇಡೀ ದಿನದ ದಾರಿಯಾಚೆಯ ಲ್ಯಾಬಿಗೆ ಒಯ್ಯುತ್ತಿದ್ದವನು ಅವನೊಬ್ಬನೇ. ಆ ದಾರಿಯಲ್ಲಿ ಒಂದು ಪಾಳು ಕ್ವಾರಿಯಿತ್ತು. ಅಲ್ಲಿನ ಕಲ್ಲೂ ಅದೇ ಬೂದುಬಣ್ಣ. ಗುಂಡಿಯ ತುಂಬ ನೀರು.

"ಈ ಸಲ ಭಾರ ಜಾಸ್ತಿ ಮೇಡಂ. ಚಿನ್ನಾನೇ ತುಂಬಿದೀರೇನೋ!" ಎಂದ, ಚೀಲ ಹೇರುತ್ತ.

"ಹುಷಾರಾಗಿ ಹೋಗಿ ಅಣ್ಣ," ಅವಳು ನಕ್ಕಳು. "ಒಂದು ಕಲ್ಲೂ ಬೀಳಬಾರ್ದು."

ಒಂದೂ ತಾನಾಗಿ ಬೀಳಲಿಲ್ಲ. ಎಲ್ಲವನ್ನೂ ಅವನೇ ಚೀಲ ಚೀಲವಾಗಿ ಬಿಚ್ಚಿ ಗುಂಡಿಯ ನೀರಿಗೆ ಸುರಿದ. ಚೀಲಕ್ಕೆಷ್ಟು ತೂಕವಿತ್ತೋ ಅಷ್ಟೇ ಕ್ವಾರಿ ಕಲ್ಲನ್ನು ತೂಗಿ ತುಂಬಿದ. ಕಂಪನಿಗೆ ತಂತಿ ತಂದುಕೊಡುತ್ತಿದ್ದವನು ಅವನೇ ಆದ್ದರಿಂದ ಹೊಸ ತಂತಿಯೂ ಹಳೆಯದರಂತೆಯೇ ಇತ್ತು. ಲ್ಯಾಬಿನಲ್ಲಿ ಚೀಲ ಇಳಿಸಿ, ರಸೀದಿ ಪಡೆದು, ಸಿಳ್ಳೆ ಹಾಕುತ್ತ ವಾಪಸಾದ. ಮುಂದಿನ ದಿನಗಳಲ್ಲಿ ಪಿಕಪ್ಪಿನ ಕನ್ನಡಿ ನೋಡಿಕೊಂಡು ಸಪ್ಪೆ ಮುಖ ಮಾಡುವುದನ್ನು ರೂಢಿಸಿಕೊಂಡ.

ವರದಿ ಬಂದ ಮರುವಾರದ ಭಾನುವಾರ ಎಲ್ಲರಿಗೂ ಭಾವನ ಮನೆಯಲ್ಲೇ ಊಟ.

"ಮೇಲಿಂದ ಕೆಳಗಿನವರೆಗೂ ಸೊನ್ನೆ ಕಣೋ," ಎಂದರು ಭಾವ.

"ಅಯ್ಯೋ, ಎಷ್ಟು ಆಸೆ ಇಟ್ಕೊಂಡಿದ್ವಿ!" ಅವನ ಸಪ್ಪೆ ಮುಖ ಸೊಗಸಾಗಿ ಮೂಡಿತು. "ಹೋಗ್ಲಿ ಬಿಡಿ ಭಾವ. ಆ ಬೋಳುಬೆಟ್ಟ ಕಟ್ಕೊಂಡು ಏನ್ಮಾಡೋದು? ವಾಪಸ್ ಕೊಟ್ಬಿಡೋಣ."

"ಪಾಪ, ನಿಮಗಿಂತ ಇವನಿಗೇ ಬೇಜಾರು ನೋಡಿ," ಎಂದು ಅಕ್ಕ ಇನ್ನೊಂದು ಸೌಟು ಬಡಿಸಿದಳು.

ಕಲ್ಲು ಮೇಡಂ ಮಾತ್ರ ತಟ್ಟೆ ಮುಟ್ಟಿರಲಿಲ್ಲ. "ಬೆಟ್ಟದಲ್ಲಿ ಚಿನ್ನ ಇಲ್ಲ ಅಂದ್ರೆ ಒಪ್ಕೋತೀನಿ ಸಾರ್. ನಾನು ಹಾಕಿದ ಚಿನ್ನ ಎಲ್ಲಿ ಹೋಯ್ತು?" ಎಂದಳು. ಲ್ಯಾಬಿನವರು ಸರಿಯಾಗಿ ನೋಡುತ್ತಾರೋ ಇಲ್ಲವೋ ತಿಳಿಯಲು ಅವಳು ಪ್ರತಿ ಲೋಡಿನಲ್ಲೂ ಒಂದು ಚೀಲಕ್ಕೆ ಬೇರೆ ಗಣಿಯ ಅದಿರು ತುಂಬಿ ಉಳಿದವುಗಳ ನಡುವೆ ಸೇರಿಸುತ್ತಿದ್ದಳು. ಅದರಲ್ಲಿ ಎಷ್ಟು ಚಿನ್ನವಿದೆಯೆಂದು ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ಈ ಕೆಲಸದಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಚೀಲ ಸಾಗಿಸುವವರಿಗೆ ಯಾರೂ ಹೇಳುವುದಿಲ್ಲ. ಈ ಸಲ ಆ ಚೀಲಕ್ಕೂ ಸೊನ್ನೆ ಬಂದಿತ್ತು. ಅದರಲ್ಲಿ ಉಳಿದದ್ದನ್ನು ಅವಳು ಲ್ಯಾಬಿನಿಂದ ಕೊರಿಯರ್‌ನಲ್ಲಿ ವಾಪಸ್ ತರಿಸಿ ನೋಡಿದ್ದಳು. ಅದು ಅವಳು ತುಂಬಿದ ಕಲ್ಲೇ ಅಲ್ಲ. ದಾರಿಯಲ್ಲಿ ಚೀಲ ಯಾರ ಕೈಯಲ್ಲಿತ್ತೆಂದು ಭಾವ ಕೇಳಲಿಲ್ಲ. ಅವನ ಮುಂದೆ ಸುಮ್ಮನೆ ಕೈ ಚಾಚಿದರು. ಸಂಜೆಯೊಳಗೆ ಅವನು ಕಳೆದುಕೊಂಡದ್ದು ಇಷ್ಟು: ಪಿಕಪ್ಪಿನ ಕೀಲಿ, ಹನ್ನೊಂದು ವರ್ಷದ ಕೆಲಸ, ಒಂದು ಬೆಟ್ಟ, ಅಕ್ಕನ ಮನೆಯ ಊಟ.