ಗಾಯ ಮಾಯ್ದ ಹರಳು

ಕೆಲಸ ಕೇಳಿಕೊಂಡು ಬಂದ ಹುಡುಗಿಯ ಕೈಗೆ ಅವನು ಮೊದಲು ಕೊಟ್ಟದ್ದು ಒಂದು ಹಳೆಯ ಟೂತ್‌ಬ್ರಷ್.

"ಇಷ್ಟೇನಾ?" ಎಂದಳು.

"ಇಷ್ಟೇ. ಮಣ್ಣು ಹೋಗ್ಬೇಕು, ತುದಿ ಉಳೀಬೇಕು. ಸ್ಫಟಿಕಕ್ಕೆ ತುದಿನೇ ಮುಖ. ಅದು ಚೂರು ಮುಕ್ಕಾದ್ರೂ ಮಿಕ್ಕಿದ್ದೆಲ್ಲ ಬರೀ ಕಲ್ಲು."

"ಮುಖ ಮುಕ್ಕಾದ್ರೆ ಹೇಗಿರುತ್ತೆ ಅಂತ ನಂಗೊತ್ತು ಸರ್."

ಅವನು ತಲೆಯೆತ್ತಿ ನೋಡಿದ. ಅವಳು ಆಗಲೇ ನೀರಿನ ತೊಟ್ಟಿಯ ಮುಂದೆ ಕೂತು ತೋಳು ಮಡಚಿಕೊಳ್ಳುತ್ತಿದ್ದಳು. ಮೊದಲ ಹರಳನ್ನು ಎರಡೂ ಅಂಗೈಯಲ್ಲಿ, ಕೋಳಿಮರಿ ಹಿಡಿದ ಹಾಗೆ ಎತ್ತಿಕೊಂಡಳು. ಅವನ ಕಣ್ಣು ಅವಳ ಕೈಗಳ ಮೇಲೇ ನಿಂತಿತು.

ಮನೆಯಲ್ಲಿ ಅವಳನ್ನು ಕಿಡಿ ಎನ್ನುತ್ತಿದ್ದರು. ಹೊತ್ತಿಕೊಂಡರೆ ಆರುವುದು ಕಷ್ಟವೆಂದು ಅಮ್ಮ ಇಟ್ಟ ಹೆಸರು. ಅಮ್ಮ ಹೋದಮೇಲೆ ಅಪ್ಪ ಹಾಗೆ ಕರೆಯುತ್ತಿದ್ದ. ಎದುರಿಗಿದ್ದ ಈ ಮನುಷ್ಯನನ್ನು ಕಲ್ಲು ಕೂಡಿಡುವವರೆಲ್ಲ ದೀಪದವನು ಎನ್ನುತ್ತಿದ್ದರು. ನೇರಳೆ ಬೆಳಕಿನ ಪುಟ್ಟ ದೀಪ ಹಾಯಿಸದೆ ಅವನು ಯಾವ ಹರಳಿಗೂ ಬೆಲೆ ಕಟ್ಟುತ್ತಿರಲಿಲ್ಲ. ಆ ಬೆಳಕಿನಲ್ಲಿ ಸಾಚಾ ಸ್ಫಟಿಕ ಕಪ್ಪಗೆ ಮಲಗಿರುತ್ತದೆ. ಮುರಿದು ಅಂಟಿಸಿದ್ದಾದರೆ ಅಂಟು ಹಾಲಿನ ಗೆರೆಯಂತೆ ಹೊಳೆಯುತ್ತದೆ.

ಎಂಟು ವರ್ಷದ ಹಿಂದೆ ಆ ದೀಪ ಅವಳ ಅಪ್ಪನನ್ನು ಸುಟ್ಟಿತ್ತು.

ಅಪ್ಪ ಬಾವಿ ತೋಡುವವನು. ಅರವತ್ತು ಅಡಿ ಆಳದಲ್ಲಿ ಅವನಿಗೊಂದು ಹರಳು ಸಿಕ್ಕಿತ್ತು, ಮೊಳದುದ್ದ, ನೀರಿನಷ್ಟು ತಿಳಿ. ಭೂಮಿಯೊಳಗೇ ಎಂದೋ ಮುರಿದು, ಮುರಿದಲ್ಲೇ ಮತ್ತೆ ಬೆಳೆದು ಕೂಡಿಕೊಂಡದ್ದು. ನಡುವೆ ಮಾಯ್ದ ಗಾಯದಂಥ ಗೆರೆ. ಸಂಗ್ರಹಕಾರರ ತಿಂಗಳ ಸಭೆಗೆ ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿದ್ದ. ಹೊಸದಾಗಿ ಪರೀಕ್ಷಕನಾಗಿದ್ದ ಇವನು ದೀಪ ಹಾಯಿಸಿದ. ಗೆರೆ ಹೊಳೆಯಿತು.

"ಅಂಟಿಸಿದ್ದು," ಎಂದುಬಿಟ್ಟ.

"ಬಾವಿಯವನು ನಮ್ಮನ್ನೇ ಬಾವಿಗೆ ತಳ್ಳೋಕೆ ಬಂದಿದ್ದ!" ಎಂದು ಯಾರೋ ನಕ್ಕರು. ಅಪ್ಪ ಹರಳನ್ನು ಮತ್ತೆ ಟವೆಲಿನಲ್ಲಿ ಸುತ್ತಿಕೊಂಡು ಎದ್ದು ಬಂದ. ಮನೆಯಲ್ಲಿ ತನ್ನ ಕಲ್ಲುಗಳನ್ನಿಟ್ಟಿದ್ದ ಗಾಜಿನ ಬೀರುವನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ. ಮತ್ತೆ ಆ ಸಭೆಯ ಮೆಟ್ಟಿಲು ಹತ್ತಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಲ್ಲಿ ಎರಡೂ ಒಟ್ಟಿಗೆ ಹೋಗಿದ್ದವು.

ಕಿಡಿಗೆ ಆಗ ಹದಿನೈದು. ಅದೇ ಸಭೆ, ಅದೇ ಜನ, ಅದೇ ದೀಪ ಎಂದು ಅಂದೇ ದೇವರ ಮುಂದೆ ಹೇಳಿಕೊಂಡಿದ್ದಳು. ಇವನ ಬಾಯಿಂದಲೇ ಅಂಟಿಸಿದ ಕಲ್ಲನ್ನು ಅಖಂಡ ಅನ್ನಿಸಿ, ಎಲ್ಲರೆದುರು ಅದನ್ನು ಎರಡು ಹೋಳಾಗಿ ಬಿಚ್ಚಿ ತೋರಿಸಬೇಕು. ಅದಕ್ಕೆ ಇವನ ವಿದ್ಯೆಯೆಲ್ಲ ಬೇಕು. ಅದಕ್ಕೇ ಟೂತ್‌ಬ್ರಷ್ ಹಿಡಿದದ್ದು.

ಆದರೆ ಸೇಡಿಗೆ ಹೊರಟವರಿಗೆ ಭಗವಂತ ಒಂದು ತೊಡಕು ಇಟ್ಟಿದ್ದಾನೆ. ಶತ್ರುವನ್ನು ದಿನವೂ ಹತ್ತಿರದಿಂದ ನೋಡಬೇಕು.

ನೋಡಿದಳು. ಊಟದ ಡಬ್ಬಿ ತೆರೆಯುವ ಮೊದಲು ಕಣ್ಣುಮುಚ್ಚಿ ಒಂದು ಕ್ಷಣ ಕೂರುತ್ತಾನೆ. ನಗು ಬಂದರೆ ತುಟಿಗಿಂತ ಮೊದಲು ಕಿವಿ ಕೆಂಪಾಗುತ್ತದೆ. ಯಾವ ಕಲ್ಲು ಬಂದರೂ ಮೂರು ಸಲ ತೊಳೆಸುತ್ತಾನೆ, ತಾನೂ ಒಮ್ಮೆ ತೊಳೆಯುತ್ತಾನೆ.

"ಮಂತ್ರಕ್ಕಿಂತ ಉಗುಳೇ ಜಾಸ್ತಿ ಆಯ್ತು ಸರ್. ಕಲ್ಲು ಸವೆದೇ ಹೋಗುತ್ತೆ."

"ಸವೆದ್ರೆ ನಿಮ್ಮ ನಾಲಿಗೆಗೆ ಉಜ್ಜಿ ಮತ್ತೆ ಚೂಪು ಮಾಡ್ತೀನಿ."

"ಅಷ್ಟು ಹರಿತಾನಾ?"

"ನನ್ನ ಕೈಯೆಲ್ಲ ಗಾಯ, ನೋಡಿ," ಎಂದು ಒಂದು ಗೀರೂ ಇಲ್ಲದ ಅಂಗೈ ಚಾಚಿದ. ಅವಳು ಬೇಕೆಂದೇ ಬಗ್ಗಿ ನೋಡಿದಳು. ನೋಡುವುದಕ್ಕೆ ಬೇಕಾದದ್ದಕ್ಕಿಂತ ಒಂದು ಉಸಿರು ಹೆಚ್ಚೇ ನೋಡಿದಳು. ಮನೆಗೆ ಹೋಗುವ ದಾರಿಯುದ್ದಕ್ಕೂ ತನಗೆ ತಾನೇ ಬೈದುಕೊಂಡಳು.

ಇನ್ನೊಂದು ದಿನ ಅವನು, "ಕಣ್ಮುಚ್ಚಿ," ಎಂದ. ತಣ್ಣನೆಯದೊಂದು ಅವಳ ಕೆಳತುಟಿಗೆ ತಾಗಿ ಮೆಲ್ಲಗೆ ಸರಿಯಿತು.

"ಎಲ್ಲಾದ್ರೂ ತಣುಪು ತಪ್ತಾ?"

"ನಡುವೆ... ಒಂದು ಕೂದಲೆಳೆಯಷ್ಟು."

"ಅಲ್ಲಿ ಅಂಟು ಇದೆ. ದೀಪಕ್ಕೆ ಮೋಸ ಮಾಡ್ಬಹುದು, ತುಟಿಗೆ ಕಷ್ಟ."

ಅವಳು ಕಣ್ಣು ತೆರೆದಾಗ ಅವನ ಕಿವಿ ಕೆಂಪಾಗಿತ್ತು. ಅವಳ ಕಿವಿಯ ಬಣ್ಣ ಅವಳಿಗೆ ಕಾಣಿಸಲಿಲ್ಲ, ಬಿಸಿಯಂತೂ ಗೊತ್ತಾಯಿತು.

ಆ ರಹಸ್ಯವನ್ನೂ ಅವಳು ಆಯುಧ ಮಾಡಿಕೊಂಡಳು. ಮುರಿದ ಹರಳೊಂದನ್ನು ಹುಡುಕಿದಳು. ದೀಪಕ್ಕೆ ಹೊಳೆಯದ ಅಂಟಿಗೆ ಸ್ಫಟಿಕದ ಪುಡಿ ಕಲಸಿ, ಕುದಿನೀರಲ್ಲಿ ಬಿಡಿಸಿ ಬಿಡಿಸಿ ಹನ್ನೊಂದು ಸಲ ಕೂಡಿಸಿದಳು. ಹನ್ನೊಂದನೆಯದರಲ್ಲಿ ಅವಳ ತುಟಿಗೂ ಗೊತ್ತಾಗಲಿಲ್ಲ. ಮನಸ್ಸು ಹಿಂಜರಿದಾಗಲೆಲ್ಲ ಗೋಡೆಗೆ ಮುಖ ಮಾಡಿ ನಿಂತ ಬೀರುವನ್ನು ನೋಡುತ್ತಿದ್ದಳು. ಮತ್ತೆ ಅಂಟು ಕಲಸುತ್ತಿದ್ದಳು.

ಸಭೆಯ ದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಕನ್ನಡಕದಜ್ಜಿ ಕೂತಿದ್ದಳು. ಕಿಡಿ ತನ್ನ ಹರಳನ್ನು ಮೇಜಿನ ಮೇಲಿಟ್ಟಳು. "ಭೂಮಿಯೊಳಗೇ ಕೂಡಿಕೊಂಡದ್ದು ಅಂತಾರೆ. ನಿಮ್ಮ ಮಾತು ಬೇಕು ಸರ್."

ಅವನು ತೊಳೆದ. ದೀಪ ಹಾಯಿಸಿದ. ಹೊಳೆಯಲಿಲ್ಲ. ಗೆರೆಗೆ ಅಡ್ಡವಾಗಿ ಉಗುರು ಎಳೆದ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೊನೆಗೆ ಕಣ್ಣುಮುಚ್ಚಿ ತುಟಿಗೆ ತಾಗಿಸಿದ.

ತಾಗಿಸಿದವನು ಹಾಗೇ ನಿಂತ. ಕಣ್ಣು ತೆರೆದು ಅವಳನ್ನು ನೋಡಿದ. ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ದೂರದಿಂದ ಕಂಡವರು ನೋಡುವ ಹಾಗಿತ್ತು ಆ ನೋಟ.

"ಅಖಂಡ," ಎಂದ. "ನನ್ನ ಮಾತು."

"ಖಂಡಿತಾನಾ?"

"ಖಂಡಿತ."

ಚಹಾಕ್ಕೆಂದು ಕುದಿಯುತ್ತಿದ್ದ ಕೆಟಲಿನ ನೀರನ್ನು ಪಾತ್ರೆಗೆ ಸುರಿದು, ಹರಳನ್ನು ಅದರಲ್ಲಿ ಇಳಿಬಿಟ್ಟಳು. ಸ್ವಲ್ಪ ಹೊತ್ತಿಗೆ ಟಕ್ಕೆಂದು ಸಣ್ಣ ಸದ್ದು. ಇಕ್ಕಳದಿಂದ ಎತ್ತಿದಾಗ ಒಂದು ಹೋಳು ಮೇಲೆ ಬಂತು, ಇನ್ನೊಂದು ತಳದಲ್ಲೇ ಉಳಿಯಿತು.

"ಎಂಟು ವರ್ಷದ ಹಿಂದೆ ಸಾಚಾ ಕಲ್ಲನ್ನ ಅಂಟಿಸಿದ್ದು ಅಂದಿರಿ. ಇವತ್ತು ಅಂಟಿಸಿದ್ದನ್ನ ಸಾಚಾ ಅಂದಿರಿ. ಬಾವಿಯವನ ಮಗಳು ನಾನು!"

ನಗು ಎದ್ದಿತು, ಅಂದಿನದೇ ನಗು. ಈ ಸಲ ಅದು ಅವನ ಮೇಲೆ ಬಿತ್ತು. ಅವನು ದೀಪವನ್ನು ಮೇಜಿನ ಮೇಲೇ ಬಿಟ್ಟು ಹೊರಗೆ ಹೋದ.

ಕಿಡಿ ಮನೆಗೆ ಓಡಿಬಂದು ಗೆದ್ದ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಅಪ್ಪ ನಗುತ್ತಾನೆ, ಬೀರು ತಿರುಗಿಸುತ್ತಾನೆ ಅಂದುಕೊಂಡಿದ್ದಳು. ಅಪ್ಪ ಗೋಡೆ ಹಿಡಿದು ಕೂತ.

"ಏನು ಮಾಡಿಬಿಟ್ಟೆ ಕಿಡಿ?"

"ನಿನ್ನ ಮರ್ಯಾದೆ ವಾಪಸ್ ತಂದೆ ಅಪ್ಪ!"

ಅಪ್ಪ ಮೂಲೆಯ ಟ್ರಂಕು ತೆಗೆದು, ಟವೆಲಿನ ಗಂಟು ಬಿಚ್ಚಿದ. ಮೊಳದುದ್ದದ ಆ ಹರಳು. "ಸಭೆಗೆ ಹೋಗೋ ದಿನ ಕಲ್ಲು ಮಿಂಚ್ಲಿ ಅಂತ ನೀನು ಇದಕ್ಕೆ ಏನು ಸವರಿದ್ದೆ, ನೆನಪಿದೆಯಾ?"

ಅವಳಿಗೆ ನೆನಪಾಯಿತು. ಅಮ್ಮನ ಹೊಲಿಗೆ ಯಂತ್ರದ ಎಣ್ಣೆ. ಅದರಲ್ಲಿ ಚಿಂದಿ ಅದ್ದಿ, ಹಾಡು ಗುನುಗುತ್ತಾ ತಾನೇ ಉಜ್ಜಿದ್ದು.

"ಗೆರೆಯೊಳಗೆ ಎಣ್ಣೆ ಇಳಿದಿತ್ತು. ಹೊಳೆದದ್ದು ಅದು. ನಂಗೆ ಅಲ್ಲೇ ಗೊತ್ತಾಯ್ತು. ಹೇಳಿದ್ರೆ ನೀನು ಜೀವಮಾನ ಪೂರ್ತಿ ಕೊರಗ್ತಿದ್ದೆ. ತಿಂಗಳಾದ ಮೇಲೆ, ನೀನು ಸ್ಕೂಲಲ್ಲಿದ್ದಾಗ, ಅವನು ಇಲ್ಲಿಗೇ ಬಂದ. ತೊಳೆದು ನೋಡ್ಬೇಕಿತ್ತು, ಆತುರಪಟ್ಟೆ, ಇನ್ನೊಂದ್ಸಲ ನೋಡ್ತೀನಿ ಅಂದ. ಇಲ್ಲೇ ತೊಳೆದ. ಗೆರೆ ಕಪ್ಪಾಯ್ತು. ಸಭೇಲಿ ಕಾಲಿಗೆ ಬಿದ್ದು ಹೇಳ್ತೀನಿ ಅಂದ. ನಾನೇ ಆಣೆ ಹಾಕಿ ಬಾಯಿ ಕಟ್ಟಿದೆ. ಎಣ್ಣೆ ಅಂದ್ರೆ ಯಾರ ಕೈ ಅಂತ ನಿಂಗೆ ಗೊತ್ತಾಗುತ್ತಲ್ಲ."

ಎಂಟು ವರ್ಷ ಅವಳು ಮಸೆದ ಕತ್ತಿಯ ಹಿಡಿ ಯಾವುದು, ಅಲಗು ಯಾವುದು ಎಂದು ಆ ಕ್ಷಣ ಅವಳಿಗೇ ತಿಳಿಯಲಿಲ್ಲ.

ದೀಪದವನ ಕೆಲಸದ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಹರಳುಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದ.

"ನಾನು ಯಾರು ಅಂತ ಯಾವಾಗಿಂದ ಗೊತ್ತಿತ್ತು?"

"ಮೊದಲ ದಿನ. ನಿಮ್ಮಪ್ಪನೂ ಕಲ್ಲನ್ನ ಹಾಗೇ ಎತ್ತೋದು."

"ಇವತ್ತಿನ ಅಂಟೂ ಗೊತ್ತಾಯ್ತು ಅಲ್ವಾ?"

"ತುಟಿಗೆ ಗೊತ್ತಾಯ್ತು. ತುಂಬಾ ಚೆನ್ನಾಗಿ ಮಾಡಿದ್ರಿ."

"ಹೊಗಳ್ಬೇಡಿ! ಯಾಕೆ ಅಖಂಡ ಅಂದಿರಿ?"

ಅವನು ಹತ್ತಿ ಕೆಳಗಿಟ್ಟ. "ನಿಮ್ಮ ಸೇಡು ನನ್ನ ಹತ್ರ ಇತ್ತು. ಕೊಟ್ಟುಬಿಟ್ಟೆ. ಅದು ತೀರಿದ್ರೆ, ನೀವು ಮತ್ತೆ ಈ ಬಾಗಿಲಿಗೆ ಬಂದ್ರೆ, ಅದು ನನಗೋಸ್ಕರ ಮಾತ್ರ ಅಂತ ಗೊತ್ತಾಗುತ್ತಲ್ಲ."

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಕೆರಳಿದಳು. "ತೀರಲಿಲ್ಲ. ಅವತ್ತು ನೀವು ತಪ್ಪು ಹೇಳಿದಿರಿ, ನಿಜ ಅಂತ ನಂಬಿ ಹೇಳಿದಿರಿ. ಇವತ್ತು ಗೊತ್ತಿದ್ದೂ ಸುಳ್ಳು ಹೇಳಿದಿರಿ. ನಿಮ್ಮ ಹೆಸರನ್ನ ನಾನು ಮುರೀಬೇಕಿತ್ತು. ನೀವೇ ಮುರಿದು ನನ್ನ ಕೈಗಿಟ್ರೆ ಅದು ಸೇಡಾ, ಭಿಕ್ಷೆನಾ?"

"ಹಾಗಾದ್ರೆ ಶಿಕ್ಷೆ ಹೇಳಿ."

"ಮುಂದಿನ ಸಭೇಲಿ ಇಬ್ರೂ ನಿಲ್ಲೋಣ. ನಾನು ಎಣ್ಣೆ ವಿಷಯ ಹೇಳ್ತೀನಿ. ನೀವು ಇವತ್ತಿನ ಸುಳ್ಳು ಒಪ್ಕೊಳ್ಳಿ. ಅಲ್ಲೀವರೆಗೂ ನಿಮ್ಮ ಮುಖ ನೋಡಲ್ಲ."

"ಆಮೇಲೆ?"

"ಆಮೇಲೆ ನೋಡ್ತಾನೇ ಇರ್ತೀನಿ. ತಪ್ಪಿಸ್ಕೊಳ್ಳೋ ಹಾಗಿಲ್ಲ."

ಮುಂದಿನ ತಿಂಗಳು ಇಬ್ಬರೂ ನಿಂತರು. ಅವಳು ಹೇಳಿದಳು, ಅವನು ಹೇಳಿದ. ಕೊನೆಗೆ ಕನ್ನಡಕದಜ್ಜಿ ಕೋಲೂರಿ ಎದ್ದಳು. "ಒಬ್ಬಳು ಎಣ್ಣೆ ಹಚ್ಚಿದಳು, ಒಬ್ಬ ಆತುರಪಟ್ಟ. ಬೈದು ನಕ್ಕಿದ್ದು ನಾವು. ನಮಗೇನು ಶಿಕ್ಷೆ, ಅದನ್ನೂ ಹೇಳ್ರೋ! ಇವನಿಗೆ ಮಾತ್ರ ಒಂದು ವರ್ಷ ಬೆಲೆ ಕಟ್ಟೋ ಕುರ್ಚಿ ಬೇಡ. ಹಿಂದಿನ ವರಾಂಡದಲ್ಲಿ ಕೂತು ಎಲ್ಲರ ಕಲ್ಲು ತೊಳೀಲಿ."

ಅವನು ಸಂತೋಷದಿಂದಲೇ ಹೋಗಿ ತೊಟ್ಟಿಯ ಮುಂದೆ ಕೂತ. ಕಿಡಿ ಪಕ್ಕದಲ್ಲಿ ಕೂತಳು. ಒಂದು ತಿಂಗಳಿಂದ ಕೂಡಿಟ್ಟಿದ್ದ ನೋಟವನ್ನೆಲ್ಲ ಅವಳು ಒಟ್ಟಿಗೆ ಖರ್ಚು ಮಾಡುತ್ತಿರುವಾಗ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆಗಳು ಕೇಳಿಸಿದವು. ನಿಂತು ನಿಂತು, ಉಸಿರು ತೆಗೆದುಕೊಂಡು, ಮತ್ತೆ ಹತ್ತುವ ಹೆಜ್ಜೆಗಳು.

ಅಪ್ಪ ಬಂದು ಇಬ್ಬರನ್ನೂ ನೋಡಿದ. ನಡುವೆ ಒಂದು ಹರಳು ತೂರುವಷ್ಟೂ ಜಾಗವಿಲ್ಲದ ಹಾಗೆ ಅವರು ಒತ್ತಿಕೊಂಡಿದ್ದರು. ಅವನು ಪಂಚೆ ಎತ್ತಿಕಟ್ಟಿ, ಒಂದು ಬ್ರಷ್ ಆರಿಸಿಕೊಂಡ.

"ಸ್ವಲ್ಪ ಸರ್ಕೊಳ್ಳಿ ಅಳಿಯಂದ್ರೇ," ಎಂದ. "ನಂಗೂ ಜಾಗ ಬೇಕು."